ಕಾಲೇಜಿನ ಹೆಸರು ಊರು ಮುಟ್ಟಿದ ದಾರಿ

ನಿಪ್ಪಾಣಿಯವರು ತಮ್ಮದೆಂದೇ ಹೇಳುವ ದೇವಚಂದ ಕಾಲೇಜು ಇರುವುದು ಕರ್ನಾಟಕದಲ್ಲಲ್ಲ. 1960ರಲ್ಲಿ ಶುರುವಾದ ಆ ಕಾಲೇಜು ಊರಿಗೆ ಹತ್ತಿಕೊಂಡಿರುವ ಅರ್ಜುನನಗರದಲ್ಲಿದೆ. ಅರ್ಜುನನಗರ ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿಗೆ ಸೇರಿದ್ದು, ಕಾಲೇಜು ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಊರೊಳಗಿನ ಕೆಎಲ್‌ಇ ಸಂಸ್ಥೆಯ ಜಿ.ಐ. ಬಾಗೇವಾಡಿ ಕಾಲೇಜಿನ ಹುಡುಗರು ಮೊದಲು ಧಾರವಾಡದ ವಿಶ್ವವಿದ್ಯಾಲಯದ ಪದವಿ ಪಡೆದರು, ಈಗ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪದವಿ ಪಡೆಯುತ್ತಾರೆ. ಒಂದೇ ಪೇಟೆಯ ಹುಡುಗನ ಮುಂದೆ ಎರಡು ರಾಜ್ಯ, ಎರಡು ವಿಶ್ವವಿದ್ಯಾಲಯ, ಎರಡು ಭಾಷೆ. ಇಂಥ ಸೀಮೆಯಲ್ಲಿ ಯಾವ ಕಾಲೇಜೂ ಸುಮ್ಮನೆ ಬಾಗಿಲು ತೆರೆದು ಕೂತರೆ ತುಂಬುವುದಿಲ್ಲ, ಕರೆಯಲೇಬೇಕು. ಇಂದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಆ ಕರೆ ಬರುವುದು ವಾಟ್ಸಾಪ್, ಇನ್‌ಸ್ಟಾಗ್ರಾಂಗಳಲ್ಲಿ. ಇದು ಹೊಸ ಕಾಲದ ಹೊಸ ವಿದ್ಯೆ ಎಂದು ಹಲವರು ತಿಳಿದಿದ್ದಾರೆ. ನೂರು ವರ್ಷದ ಹಿಂದಕ್ಕೆ ಹೋಗಿ ನೋಡಿದರೆ, ಕಾಲೇಜಿನ ಹೆಸರು ಇಲ್ಲಿ ಯಾವ ದಾರಿಯಿಂದ ಊರು ಮುಟ್ಟಿತೋ ಅದೇ ದಾರಿಯಲ್ಲಿ ನಡೆದಾಗ ಮಾತ್ರ ಈ ಹೊಸ ಮಾಧ್ಯಮವೂ ಫಲ ಕೊಡುತ್ತದೆ ಎಂಬುದು ನನ್ನ ವಾದ.

ಆಗ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಚಿಕ್ಕೋಡಿ ಮತ್ತು ಅಥಣಿ ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ಪದವಿ ಬೇಕೆಂದರೆ ಊರು ಬಿಡಬೇಕಿತ್ತು. ಕೊಲ್ಹಾಪುರದ ರಾಜಾರಾಮ ಕಾಲೇಜು, ಪುಣೆಯ ಫರ್ಗ್ಯೂಸನ್, 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು, 1919ರಲ್ಲಿ ಸಾಂಗಲಿಯ ವಿಲ್ಲಿಂಗ್ಡನ್, 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು. ಓದು ಬಲ್ಲವರೇ ವಿರಳವಾಗಿದ್ದ ಹಳ್ಳಿಗೆ ಪತ್ರಿಕೆಯ ಜಾಹೀರಾತು ಏನು ಹೇಳೀತು? ಸುದ್ದಿ ತಂದದ್ದು ಬೋರ್ಡಿಂಗುಗಳು. ಸಂಸ್ಥಾನದ ದೊರೆ ಶಾಹೂ ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ಒಂದೊಂದು ಸಮುದಾಯಕ್ಕೂ ವಸತಿಗೃಹಗಳು ಏಳುವಂತೆ ಮಾಡಿದರು. ಮರಾಠಾ, ಜೈನ, ಲಿಂಗಾಯತ ಹುಡುಗರಿಗೆ ಅನ್ನವೂ ನೆರಳೂ ಸಿಕ್ಕವು. ಅಲ್ಲಿದ್ದು ರಜೆಗೆ ಊರಿಗೆ ಬಂದ ಹುಡುಗನೇ ಕಾಲೇಜಿನ ಜಾಹೀರಾತು. ಖರ್ಚೆಷ್ಟು, ಊಟ ಹೇಗೆ, ಯಾವ ಮಾಸ್ತರರು ಚಲೋ ಎಂದು ಕಟ್ಟೆಯ ಮೇಲೆ ಕೂತು ಕೇಳಬಹುದಿತ್ತು, ಮತ್ತೆ ಕೇಳಬಹುದಿತ್ತು, ಸುಳ್ಳಾದರೆ ಮುಂದಿನ ರಜೆಯಲ್ಲಿ ಹಿಡಿದು ನಿಲ್ಲಿಸಬಹುದಿತ್ತು. ಅಧ್ಯಾಪಕರ ಹೆಸರೂ ಹೀಗೆಯೇ ಹಬ್ಬಿತು. ಮರಾಠಿ ಸೀಮೆಯ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು, ವಿ.ಕೃ. ಗೋಕಾಕರು ಕೆಲಕಾಲ ಅಲ್ಲಿ ಪ್ರಾಂಶುಪಾಲರಾಗಿದ್ದರು. ಅಥಣಿ, ಕಾಗವಾಡದ ಕನ್ನಡ ಹುಡುಗನಿಗೆ ಅಲ್ಲಿಯೂ ತನ್ನ ಭಾಷೆಗೆ ಮರ್ಯಾದೆಯುಂಟು ಎಂದು ಹೇಳಲು ಆ ಎರಡು ಹೆಸರು ಸಾಕಿದ್ದವು.

ಕೆಎಲ್‌ಇ ಸಂಸ್ಥೆಯ ಚರಿತ್ರೆ ಇದನ್ನೇ ಇನ್ನೊಂದು ಕಡೆಯಿಂದ ತೋರಿಸುತ್ತದೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಅದನ್ನು ಒಂದು ಶಾಲೆಯಾಗಿ ಆರಂಭಿಸಿದವರನ್ನು ಜನ ಸಪ್ತರ್ಷಿಗಳೆಂದು ಕರೆದರು. ಸಂಸ್ಥೆ ಕಟ್ಟಿದವರಿಗೆ ಬಂದ ಆ ಬಿರುದು ಯಾವ ಕರಪತ್ರವೂ ಗಳಿಸಲಾಗದ ನಂಬಿಕೆಯ ಗುರುತು. ಮುಂದೆ ಅದೇ ಸಂಸ್ಥೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಲ್ಲಿ ಕಾಲೇಜು ತೆರೆದಾಗ ಜನರಿಗೆ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿರಲಿಲ್ಲ.

ಹಳೆಯದನ್ನು ಹೊಗಳುವುದು ಸುಲಭ, ಆ ದಾರಿ ಎಲ್ಲರಿಗೂ ತೆರೆದಿತ್ತೇ ಎಂದು ಯಾರಾದರೂ ಕೇಳಿದರೆ ಆಕ್ಷೇಪ ನ್ಯಾಯವಾದದ್ದೇ. ತೆರೆದಿರಲಿಲ್ಲ. ಬೋರ್ಡಿಂಗು ಜಾತಿಗೊಂದು, ಸುದ್ದಿಯೂ ಜಾತಿಯೊಳಗೇ ಹರಿಯಿತು. 1925ರಲ್ಲಿ ಅಂಬೇಡ್ಕರರು ಇದೇ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತ ವರ್ಗಗಳ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಶಾಲೆ, ಬೋರ್ಡಿಂಗು, ಬಂಧುಬಳಗದ ಈ ಸರಪಳಿಗೆ ಹೊರಗಾದವರು ಎಷ್ಟು ಮಂದಿ ಎಂಬುದನ್ನು ಅಂಥ ಸಮ್ಮೇಳನ ಬೇಕಾಯಿತೆಂಬುದೇ ಹೇಳುತ್ತದೆ. ಹೆಣ್ಣುಮಕ್ಕಳಂತೂ ಕಟ್ಟೆಯ ಮಾತಿಗೆ ಪೂರಾ ಹೊರಗೆ. ಮೊಬೈಲು ಮಾಡಿದ ನಿಜವಾದ ಉಪಕಾರ ಇಲ್ಲಿದೆ: ರಾಯಬಾಗದ ತೋಟದ ವಸತಿಯಲ್ಲಿರುವ ಹುಡುಗಿ ಯಾರ ಅಪ್ಪಣೆಯೂ ಇಲ್ಲದೆ ಹತ್ತು ಕಾಲೇಜುಗಳ ಹೆಸರು ನೋಡಬಲ್ಲಳು. ಸುದ್ದಿ ಎಲ್ಲರದ್ದಾಯಿತು. ಆದರೆ ಮರುಪ್ರಶ್ನೆ ಕೇಳುವ ಅನುಕೂಲ ಬೋರ್ಡಿಂಗಿನ ಹುಡುಗನೊಂದಿಗೇ ಹೋಯಿತು.

ಜೂನಿನ ಸುಮಾರಿಗೆ ಊರಿನ ವಾಟ್ಸಾಪ್ ಗುಂಪುಗಳಿಗೆ ಬರುವ ಕಾಲೇಜಿನ ಪೋಸ್ಟರನ್ನು ತುಸು ಹತ್ತಿರದಿಂದ ನೋಡಬೇಕು. ಮೇಲೆ ಆಡಳಿತ ಮಂಡಳಿಯ ಭಾವಚಿತ್ರಗಳು, ನಡುವೆ ‘ಪ್ರವೇಶ ಪ್ರಾರಂಭ’, ಕೆಳಗೆ ಅಂಚೆಚೀಟಿಯಷ್ಟು ಅಗಲದ ಮುಖಗಳ ಸಾಲು, ಪ್ರತಿ ಮುಖದ ಅಡಿಗೆ ಶೇಕಡಾ ಅಂಕ. ತಂದೆತಾಯಿಗೆ ಬೇಕಾದದ್ದು ಬೇರೆ. ಕಬ್ಬಿನ ಬಿಲ್ಲು ಬಂದ ಮೇಲೆ ಉಳಿದ ಫೀ ಕಟ್ಟಬಹುದೇ? ಸಂಜೆ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಊರಿಗೆ ಬಸ್ಸಿದೆಯೇ? ಮರಾಠಿ ಶಾಲೆಯಲ್ಲಿ ಕಲಿತ ಮಗಳಿಗೆ ಮೊದಲ ವರ್ಷ ಪಾಠ ತಿಳಿದೀತೇ? ಕೊನೆಗೆ, ‘ನಮ್ಮೂರಾಗ ಯಾರ ಮಗ ಅಲ್ಲಿ ಕಲಿತಾನ?’ ಪೋಸ್ಟರು ಇವೊಂದಕ್ಕೂ ಉತ್ತರ ಕೊಡುವುದಿಲ್ಲ. ಮುಖಗಳ ಸಾಲಿನಲ್ಲಿ ಎಷ್ಟು ಸತ್ಯವಿದೆ ಎಂಬ ಸಂಶಯವೂ ಸಣ್ಣದಲ್ಲ. ತೇರ್ಗಡೆಯಾದವರ ಲಿಖಿತ ಒಪ್ಪಿಗೆಯಿಲ್ಲದೆ ಅವರ ಹೆಸರು, ಭಾವಚಿತ್ರ ಬಳಸಬಾರದೆಂದು 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಕೇಂದ್ರಗಳಿಗೆ ನಿಯಮ ಮಾಡಬೇಕಾಯಿತು. ಕಾಲೇಜುಗಳು ಆ ಶಿಸ್ತನ್ನು ತಾವಾಗಿಯೇ ಒಪ್ಪಿಕೊಂಡರೆ ಗೌರವ ಹೆಚ್ಚುತ್ತದೆ.

ಹಣ ಚೆಲ್ಲಿ ಚೆಂದದ ವಿಡಿಯೊ ಮಾಡುವ ದೂರದ ದೊಡ್ಡ ಸಂಸ್ಥೆಗಳ ಮುಂದೆ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂತರೆ ನಡೆಯುತ್ತದೆಯೇ ಎಂದು ಪ್ರಾಂಶುಪಾಲರು ಕೇಳಬಹುದು. ಕರಾವಳಿಯ ಮೂಡುಬಿದಿರೆಯ ಕಾಲೇಜುಗಳಿಗೂ ನಮ್ಮ ಕಡೆಯ ಮಕ್ಕಳು ಹೋಗುತ್ತಾರೆ. ಆದರೆ ಅಷ್ಟು ದೂರ ಮಗನನ್ನು ಕಳಿಸುವ ಮುಂಚೆ ಮನೆಯವರು ಹುಡುಕುವುದು ಅಲ್ಲಿ ಓದಿ ಬಂದ ಪರಿಚಯದವರನ್ನೇ. ವಿಡಿಯೊ ಕಣ್ಣು ಸೆಳೆಯುತ್ತದೆ, ಸಂಚಿ ಬಿಚ್ಚಿಸುವುದು ಆ ಪರಿಚಯದವರ ಮಾತು. ಆ ಮಾತಿನ ವಿಷಯದಲ್ಲಿ ಚಿಕ್ಕೋಡಿ, ಅಥಣಿಯ ಕಾಲೇಜುಗಳೇ ಶ್ರೀಮಂತರು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವರ ಹಳೆಯ ವಿದ್ಯಾರ್ಥಿಗಳು ಮಾಸ್ತರರಾಗಿ, ಸೊಸೈಟಿ ಕಾರ್ಯದರ್ಶಿಗಳಾಗಿ, ನರ್ಸುಗಳಾಗಿ ಇದ್ದಾರೆ. ಕಾಲೇಜಿನ ಪುಟದಲ್ಲಿ ಮಾತ್ರ ಅವರು ಕಾಣುವುದಿಲ್ಲ. ಬರುವ ಪ್ರವೇಶದ ಹಂಗಾಮಿಗೆ ಈ ಐದು ತಾಲೂಕುಗಳ ಕಾಲೇಜುಗಳು ಇಷ್ಟು ಮಾಡಲಿ: ಒಂದೊಂದು ಹಳ್ಳಿಯಿಂದ ಒಬ್ಬೊಬ್ಬ ಹಳೆಯ ವಿದ್ಯಾರ್ಥಿ, ವಿದ್ಯಾರ್ಥಿನಿಯನ್ನು ಒಪ್ಪಿಸಿ ಎರಡು ನಿಮಿಷ ಅವರ ಮಾತಿನಲ್ಲೇ ಮಾತಾಡಿಸಲಿ, ಫೀ ಕಂತು ಮತ್ತು ಬಸ್ಸಿನ ವೇಳೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆಯಲಿ, ಕೆಳಗೆ ಕೊಡುವ ಫೋನ್ ನಂಬರಿಗೆ ರಾತ್ರಿ ಎಂಟರವರೆಗೆ ಉತ್ತರಿಸಲು ಒಬ್ಬ ಅಧ್ಯಾಪಕರನ್ನು ಕೂಡಿಸಲಿ. ಹೊಲದಿಂದ ತಂದೆತಾಯಿ ಮನೆಗೆ ಬಂದು ಫೋನ್ ಹಿಡಿಯುವುದು ಆ ಹೊತ್ತಿಗೇ.