ಚತುರ್ದಶಿಯ ಎಡೆ

ಭಾವಿಕೇರಿಯ ನಮ್ಮ ಮನೆಯಲ್ಲಿ ಮಹಾಲಯ ಪಕ್ಷದಲ್ಲಿ ಅಮಾವಾಸ್ಯೆಗೆ ಮೊದಲೇ, ಚತುರ್ದಶಿಯಂದು, ಒಂದು ಎಡೆ ಬೇರೆಯಾಗಿ ಇಡುತ್ತಾರೆ. ಅದು ಮುತ್ತಜ್ಜನ ತಮ್ಮನಿಗೆ. ಮೊದಲ ಮಹಾಯುದ್ಧದಲ್ಲಿ ಪಲ್ಟನ್ನು ಸೇರಿ ಇರಾಕಿನ ಬಸ್ರಾಕ್ಕೆ ಹೋದವ ತಿರುಗಿ ಬರಲಿಲ್ಲ. ಯಾವ ದಿನ ಸತ್ತ, ಹೇಗೆ ಸತ್ತ ಎಂಬುದು ಮನೆಗೆ ತಿಳಿಯಲಿಲ್ಲ. ಆದರೆ ಶಸ್ತ್ರದಿಂದ ಸತ್ತವರಿಗೆ ಚತುರ್ದಶಿ ಎಂದು ಶಾಸ್ತ್ರವೇ ತಿಥಿ ಮೀಸಲಿಟ್ಟಿದೆ. ಅಜ್ಜಿ ಅದನ್ನೇ ಹಿಡಿದಳು.

ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು; ಆ ಪ್ರಾಂತದವರು ಮರಾಠಾ ಪಲ್ಟನ್ನುಗಳಿಗೂ ಸೇರುತ್ತಿದ್ದರು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರು ಇರಾಕಿನ ಕೂತ್ ಪಟ್ಟಣವನ್ನು ಮುತ್ತಿದಾಗ ಒಳಗೆ ಸಿಕ್ಕಿದ ಬ್ರಿಟಿಷ್ ಭಾರತದ ಸೈನ್ಯದಲ್ಲಿ 103, 110, 117 ಎಂಬ ಮೂರು ಮರಾಠಾ ಪಲ್ಟನ್ನುಗಳಿದ್ದವು. ರೇಷನ್ ಮುಗಿದು ಕುದುರೆ ಮಾಂಸ ಕೊಟ್ಟರು. ನಮ್ಮವರಲ್ಲಿ ಎಷ್ಟೋ ಜನ ಬಹುಕಾಲ ಅದನ್ನು ಮುಟ್ಟಲಿಲ್ಲ, ಹಸಿದು ಸೊರಗಿದರು. ಶರಣಾದ ಮೇಲೆ ಸೆರೆಯ ನಡಿಗೆಯಲ್ಲಿ ಇನ್ನೆಷ್ಟೋ ಜನ ಬಿದ್ದರು. ನಮ್ಮವ ಅಲ್ಲಿದ್ದನೋ ಬೇರೆ ಕಡೆ ಸತ್ತನೋ, ಹೇಳುವ ಕಾಗದ ನಮ್ಮಲ್ಲಿಲ್ಲ.

ಕನ್ನಡ ನಾಡಿಗೆ ಇಂಥವರನ್ನು ನೆನೆಯುವ ಕ್ರಮ ಹೊಸದಲ್ಲ. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಸನ್ನಿಧಿ, ನೆತ್ತಿಯಲ್ಲಿ ಸೂರ್ಯ ಚಂದ್ರ. ಬರಹವಿದ್ದ ಕಲ್ಲುಗಳಲ್ಲಿ ಸತ್ತವನ ಹೆಸರು, ಎಷ್ಟೋ ಸಲ ಕಲ್ಲು ನಿಲ್ಲಿಸಿದವರ ಹೆಸರೂ ಇರುತ್ತದೆ. ಆತಕೂರಿನ ಸುಮಾರು 950ರ ಕಲ್ಲು ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಉಳಿಸಿದೆ.

ಆ ಯುದ್ಧದಲ್ಲಿ ಅಲ್ಲಿ ಸತ್ತವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕವನ್ನು 1929ರಲ್ಲಿ ತೆರೆದರು. 40,000ಕ್ಕೂ ಹೆಚ್ಚು ಜನರ ಸ್ಮಾರಕವದು. ಬ್ರಿಟಿಷರ ಹೆಸರುಗಳನ್ನು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಅಂಕೆ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಸಿಕ್ಕ ಮರ್ಯಾದೆ ಇವರಿಗೆ ಸಿಗಲಿಲ್ಲವೆಂಬುದು ನನ್ನನ್ನು ಇಂದಿಗೂ ಸುಡುತ್ತದೆ. 2021ರಲ್ಲಿ ಸ್ಮಾರಕಗಳ ಉಸ್ತುವಾರಿಯ ಕಾಮನ್‌ವೆಲ್ತ್ ಆಯೋಗವೇ ವರದಿ ಮಾಡಿ ಈ ಭೇದವನ್ನು ಒಪ್ಪಿತು, ಬ್ರಿಟನ್ನಿನ ರಕ್ಷಣಾ ಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ನಮ್ಮ ಜಿಲ್ಲೆಯ ಕಾರವಾರದ ಕಡಲದಂಡೆಯಲ್ಲಿ ಚೆಂಡಿಯೆಯ ಪರಮವೀರ ರಾಮ ರಾಘೋಬಾ ರಾಣೆಯವರ ಪ್ರತಿಮೆಯಿದೆ. ಯುದ್ಧದಿಂದ ಬದುಕಿ ಬಂದು ಪರಮವೀರ ಚಕ್ರ ಪಡೆದವರು ಅವರು. ಮಕ್ಕಳಿಗೆ ಅದನ್ನು ತೋರಿಸುವುದು ಸರಿಯೇ. ಆದರೆ ತಿರುಗಿ ಬಾರದವರಿಗಾಗಿ, ನಮ್ಮ ತಾಲೂಕಿನ ಮನೆಮನೆಗಳಲ್ಲಿ ಉಳಿದಿರುವ ಅವರ ಹೆಸರುಗಳನ್ನು, ಹೇಳುವ ಹಿರಿಯರು ಇರುವಾಗಲೇ, ಶಾಲೆಯ ಮಕ್ಕಳಿಂದ ಬರೆಯಿಸಬೇಕು. ನಮ್ಮ ಮನೆಯ ಹೆಸರನ್ನು ನಾನೇ ಕೊಡುತ್ತೇನೆ.