ಜೆಪ್ಪುವಿನ ಹೆಂಚು: ಪದರಮಣ್ಣು ಮತ್ತು ಬೆಂಕಿಯ ಚರಿತ್ರೆ

ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್, 1865ರಲ್ಲಿ ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ, ಕರಾವಳಿಯ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲು ಇಲ್ಲವೆ ತೆಂಗಿನ ಮಡಲೇ ಹೊದಿಕೆಯಾಗಿತ್ತು; ಕ್ರೈಸ್ತಮತ ಸ್ವೀಕರಿಸಿ ಕುಲಕಸುಬು, ಆಸರೆ ಎರಡನ್ನೂ ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಮಿಶನ್ನಿನ ಉದ್ದೇಶವಾಗಿತ್ತು. ಈ ಉದ್ಯಮದ ಚರಿತ್ರೆಯಲ್ಲಿ ಹೆಂಚು ಒತ್ತುವ ಯಂತ್ರಕ್ಕೆ ದೊರೆತಿರುವ ಮನ್ನಣೆ ಮಣ್ಣಿಗೆ ದೊರೆತಿಲ್ಲ.

ನೇತ್ರಾವತಿ ಮತ್ತು ಗುರುಪುರ ನದಿಗಳ ಬದಿಯ ಜೇಡಿಮಣ್ಣಿನಲ್ಲಿರುವ ಕಯೊಲಿನೈಟ್ ಒಂದು ಪದರ ಸಿಲಿಕೇಟು, ಅಂದರೆ ಸಿಲಿಕಾದ ಒಂದು ಹಾಳೆಗೆ ಅಲ್ಯುಮಿನಾದ ಒಂದು ಹಾಳೆ ಅಂಟಿಕೊಂಡು, ಅಂಥ ಜೋಡಿಗಳು ಒಂದರ ಮೇಲೊಂದು ಪೇರಿಕೊಂಡಿರುವ ಖನಿಜ. ಅದರ ಸೂಕ್ಷ್ಮ ಚಕ್ಕೆಗಳ ನಡುವೆ ನೀರು ಸೇರಿದಾಗ ಅವು ಒಂದರ ಮೇಲೊಂದು ಜಾರುವುದರಿಂದಲೇ, ಚೆನ್ನಾಗಿ ನಾದಿದ ಮಣ್ಣು ಅಚ್ಚಿನ ಒತ್ತಡಕ್ಕೆ ಬಿರಿಯದೆ ಮಣಿದು, ಅಂಚಿನ ತೋಡು, ರೀಪಿಗೆ ಸಿಕ್ಕಿಕೊಳ್ಳುವ ಹಿಂಬದಿಯ ಗುಬುಟು, ತಯಾರಕರ ಹೆಸರಿನ ಉಬ್ಬಕ್ಷರಗಳು ಎಲ್ಲವನ್ನೂ ಪಡೆಯುತ್ತದೆ. ಹಸಿ ಹೆಂಚನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸದಿದ್ದರೆ ಆ ನೀರು ಏರುಪೇರಾಗಿ ಹೋಗಿ ಹೆಂಚು ಸೊಟ್ಟಗಾಗುತ್ತದೆ ಇಲ್ಲವೆ ಸೀಳುತ್ತದೆ. ಗೂಡಿನಲ್ಲಿ ಶಾಖ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಖನಿಜದ ರಚನೆಯಲ್ಲಿಯೇ ಬಂಧಿತವಾಗಿದ್ದ ನೀರು, ಶುದ್ಧ ಕಯೊಲಿನೈಟಿನ ತೂಕದ ಸುಮಾರು ಶೇ. 14ರಷ್ಟು, ಹೊರಟುಹೋಗಿ ಪದರಗಳ ಕ್ರಮ ಮುರಿಯುತ್ತದೆ. ಕಬ್ಬಿಣದ ಆಕ್ಸೈಡು ಕೆಂಪನ್ನು ಕೊಡುತ್ತದೆ. ಬೇಯುವಿಕೆ ಕಡಿಮೆಯಾದರೆ ರಂಧ್ರಗಳು ಹೆಚ್ಚಿ ಹೆಂಚು ಮಳೆನೀರನ್ನು ಹೀರುತ್ತದೆ, ಹೆಚ್ಚಾದರೆ ಮೆತ್ತಗಾಗಿ ಆಕಾರ ಕೆಡುತ್ತದೆ. ಈ ನಡುವಿನ ಹದವನ್ನು ಅರಿತ ಗೂಡಿನ ಕೆಲಸಗಾರರ ಪರಿಣತಿ ಯಂತ್ರದಷ್ಟೇ ಬೆಲೆಯುಳ್ಳದ್ದಾಗಿತ್ತು.

ಹೆಂಚಿನಲ್ಲಿ ಬೆಂಕಿ ಉಳಿಸಿದಷ್ಟೇ ರಂಧ್ರ. ಅದರ ಅಳತೆಯನ್ನು ಮೊದಲೇ ಗೊತ್ತುಪಡಿಸುವ ವಿದ್ಯೆ ಬಹಳ ತಡವಾಗಿ ಬಂದಿತು. 1990ರಲ್ಲಿ ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಕುರೊಡಾ ಮತ್ತು ಸಂಗಡಿಗರು ಕನೆಮೈಟ್ ಎಂಬ ಪದರ ಸಿಲಿಕೇಟಿನ ಹಾಳೆಗಳ ನಡುವೆ ಸಾಬೂನಿನಂಥ ಉದ್ದ ಅಣುಗಳನ್ನು ಸೇರಿಸಿದರು. ಬಾಗಬಲ್ಲ ಆ ತೆಳು ಹಾಳೆಗಳು ಅಣುಗಳ ಗುಂಪನ್ನು ಸುತ್ತುವರಿದು ಒಂದಕ್ಕೊಂದು ಬೆಸೆದುಕೊಂಡವು, ಅಣುಗಳನ್ನು ಸುಟ್ಟು ತೆಗೆದಾಗ ಅವುಗಳ ಜಾಗದಲ್ಲಿ ರಂಧ್ರಗಳು ಉಳಿದವು. ಈ ದಾರಿಯಲ್ಲಿ ಮುಂದೆ ರೂಪುಗೊಂಡದ್ದೇ ಮೆಸೊಪೋರಸ್ ಸಿಲಿಕಾ, ಅಂದರೆ 2ರಿಂದ 50 ನ್ಯಾನೊಮೀಟರ್ ಅಗಲದ ರಂಧ್ರಗಳುಳ್ಳ ಸಿಲಿಕಾ.

ಮತ್ತೆ ಹೆಂಚಿನ ಕಥೆಗೆ ಬಂದರೆ, ಮಂಗಳೂರಿನಲ್ಲಿ ಮಿಶನ್ನಿನ ಬೆನ್ನಿಗೇ ಆಲ್ಬುಕರ್ಕ್ ಮೊದಲಾದ ಸ್ಥಳೀಯ ಉದ್ಯಮಿಗಳು ಕಾರ್ಖಾನೆ ತೆರೆದರು, ಹೆಂಚು ಕಡಲು ದಾಟಿತು. ಮೊದಲನೆಯ ಮಹಾಯುದ್ಧದಲ್ಲಿ ಮಿಶನ್ನಿನ ಉದ್ದಿಮೆಗಳು ಬ್ರಿಟಿಷ್ ಸರ್ಕಾರದ ವಶಕ್ಕೆ ಹೋಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕಾಂಕ್ರೀಟಿನ ತಾರಸಿ ಹರಡಿ, ಒಳ್ಳೆಯ ಜೇಡಿಮಣ್ಣೂ ಸೌದೆಯೂ ದುರ್ಲಭವಾದ ಮೇಲೆ, ನದಿಬದಿಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.