ಪಹಣಿಯ ಕಿಟಕಿಯ ಹಿಂದೆ

ಗುಬ್ಬಿ, ಕುಣಿಗಲ್ ಕಡೆಯ ಹಿರಿಯ ರೈತರನ್ನು ಕೇಳಿ ನೋಡಿ. ಒಂದು ಕಾಲಕ್ಕೆ ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ. ಅವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. 2001ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿತು.

ಆ ಕಿಟಕಿಯೇ ಮುಂಭಾಗ; ದಾಖಲೆಗಳನ್ನು ಕಾಯುವ ಗಣಕ ಹಿಂಭಾಗ. (ನಮ್ಮ ಸ್ಟುಡಿಯೋದಲ್ಲೂ ನಿಯಂತ್ರಣ ಕೊಠಡಿ ವೀಕ್ಷಕರಿಗೆ ಕಾಣುವುದಿಲ್ಲ!) ಮುಂದೆ ಪಹಣಿ ಅಂತರಜಾಲಕ್ಕೂ ಬಂತು, ಕಿಟಕಿಯ ಜಾಗದಲ್ಲಿ ಬ್ರೌಸರ್ ನಿಂತಿತು. ಅಲ್ಲಿ ಆಯ್ಕೆ ಕಡಿಮೆ. ಪುಟದ ಚೌಕಟ್ಟಿಗೆ ಎಚ್‌ಟಿಎಂಎಲ್, ಅದರ ಚಲನವಲನಕ್ಕೆ ಜಾವಾಸ್ಕ್ರಿಪ್ಟ್. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಹೆಣೆದರು; ಅವಸರದ ಗುರುತುಗಳು ಇನ್ನೂ ಅಳಿದಿಲ್ಲ. ಹಿಂಭಾಗಕ್ಕಾದರೋ ಪಿಎಚ್‌ಪಿ, ಜಾವಾ, ಪೈಥಾನ್ ಯಾವುದೂ ಆದೀತು. 2009ರಲ್ಲಿ ನೋಡ್ ಬಂದ ಮೇಲಂತೂ ಜಾವಾಸ್ಕ್ರಿಪ್ಟೇ ಎರಡೂ ಕಡೆ ದುಡಿಯತೊಡಗಿತು.

ಹಾಗಾದರೆ ತುಮಕೂರಿನಲ್ಲಿ ಓದುತ್ತಿರುವ ನೀವು ಯಾವುದನ್ನು ಮೊದಲು ಕಲಿಯಬೇಕು? ದತ್ತಾಂಶವನ್ನು ಕೋಷ್ಟಕಗಳಲ್ಲಿ ಜೋಡಿಸುವುದನ್ನು ಎನ್ನುತ್ತೇನೆ. ಕಿಟಕಿ ಬದಲಾದರೂ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು ಉಳಿದೇ ಇವೆ. ಆ ಹೆಸರು ತಪ್ಪಾಗಿ ನಮೂದಾಗಿದ್ದರೆ ಎಷ್ಟೇ ಅಂದದ ಪುಟವೂ ಅದೇ ತಪ್ಪನ್ನು ತೋರಿಸುತ್ತದೆ. ತಿದ್ದಿಸಿಕೊಳ್ಳಲು ರೈತ ಮತ್ತೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕು.